ಅಮಿತ ಸಂತಾನ ಸಲಹಾ ಕೇಂದ್ರ

ಕೆಲವರು ಹೋದಲ್ಲೆಲ್ಲ ಮಳೆ ಬರುತ್ತದಂತೆ. ನಾನು ಹೋದಲ್ಲೆಲ್ಲ ಏನಾದರೊಂದು ಫಜೀತಿ ಆಗುತ್ತದೆ. ದಾದಿಯ ತರಬೇತಿ ಮುಗಿಸಿದ ಮೇಲೆ ನಾನು ಒಂದೂರಲ್ಲಿ ನೆಟ್ಟಗೆ ನಿಂತವಳಲ್ಲ. ಕೊಲಂಬೊದ ಆಸ್ಪತ್ರೆ, ಮೊಂಬಾಸದಲ್ಲೊಬ್ಬ ಸೇಠರ ಮನೆ, ಹಡಗೊಂದರ ಔಷಧದ ಕೋಣೆ, ಲಂಡನ್ನಿನಲ್ಲಿ ಎರಡು ಚಳಿಗಾಲ, ಎಲ್ಲ ಕಡೆಯೂ ನನ್ನ ಪೆಟ್ಟಿಗೆಗಿಂತ ಮೊದಲು ನನ್ನ ಫಜೀತಿ ಬಂದಿಳಿಯುತ್ತಿತ್ತು. ಆದರೆ ಐವತ್ತರ ದಶಕದಲ್ಲಿ ಮುಂಬಯಿಗೆ ಬಂದು ಕುಟುಂಬ ಯೋಜನೆಯ ಕೆಲಸಕ್ಕೆ ಸೇರಿದ ಮೇಲೆ ಆದಷ್ಟು ಮತ್ತೆಲ್ಲೂ ಆಗಲಿಲ್ಲ.

ಈಗ ಆ ಕೆಲಸ ಮಾಡಿದವರನ್ನು ಹುಡುಕಿ ಹುಡುಕಿ ಹಾರ ಹಾಕುತ್ತಾರೆ. ಮೊನ್ನೆ ಒಬ್ಬರು ಬಂದು, "ನಿಮ್ಮ ಡಾಕ್ಟರಮ್ಮನ ಸಾಧನೆಯ ಬಗ್ಗೆ ನಾಲ್ಕು ಗಂಭೀರವಾದ ಮಾತು ಬರೆದುಕೊಡಿ" ಎಂದರು. ಒಪ್ಪಿಕೊಂಡು ಬರೆಯಲು ಕೂತೆ. ಗಂಭೀರವಾದದ್ದು ಒಂದೂ ನೆನಪಾಗಲಿಲ್ಲ.

ಡಾಕ್ಟರಮ್ಮ ಮೈಸೂರಿನವರು. ಆಗಲೇ ಐವತ್ತರ ಹತ್ತಿರ ಬಂದಿದ್ದರು, ನನ್ನ ಭುಜದೆತ್ತರ ಇದ್ದರು. ದೊಡ್ಡ ಮನೆಗಳ ಹೆರಿಗೆ ಮಾಡಿಸಿಕೊಂಡು ಹಾಯಾಗಿ ಇರಬಹುದಿತ್ತು. ಅದನ್ನು ಬಿಟ್ಟು, ಹೆತ್ತು ಹೆತ್ತು ಮೈಯಲ್ಲಿ ರಕ್ತವೇ ಇಲ್ಲದಂತಾದ ಬಡ ಹೆಂಗಸರಿಗೆ ಯಾವ ಉಪಾಯ ಒಗ್ಗುತ್ತದೆ, ಯಾವುದು ಒಗ್ಗುವುದಿಲ್ಲ ಎಂದು ಕಂಡುಹಿಡಿಯಬೇಕೆಂದು ಧಾರಾವಿಗೆ ಬಂದಿದ್ದರು. ಅಲ್ಲಿ ಅವರಿಗಿದ್ದದ್ದು ಒಂದೇ ಒಂದು ಕೋಣೆ. ಅದೂ ನಮ್ಮ ಕನ್ನಡದವರ ಒಂದು ಸಂಘದ್ದು. ಸಂಘದ ಅಧ್ಯಕ್ಷರು ಉಡುಪಿ ಕಡೆಯವರು, ಮಾಟುಂಗಾದಲ್ಲಿ ಹೋಟೆಲಿನ ಧಣಿ. "ಒಂದು ವರ್ಷ ನೋಡುವ. ಹೆಂಗಸರು ಬಂದ್ರೆ ಸರಿ. ಇಲ್ಲದಿದ್ರೆ ನಮಗೂ ಹಬ್ಬದ ಅಡಿಗೆಯ ಪಾತ್ರೆ ಇಡಲಿಕ್ಕೆ ಜಾಗ ಇಲ್ಲ ಮಾರಾಯ್ರೆ" ಎಂದು ಹೇಳಿಯೇ ಬೀಗದ ಕೈ ಕೊಟ್ಟಿದ್ದರು. ಕೋಣೆ ಹೋದರೆ ಡಾಕ್ಟರಮ್ಮನ ಸಂಶೋಧನೆಯೂ ಹೋಯಿತು. ಹೆಂಗಸರನ್ನು ಕರೆತರುವ ಹೊಣೆ ನನ್ನದು. ಆ ಹೊಣೆಯನ್ನು ನನಗೆ ಕೊಟ್ಟದ್ದೊಂದೇ ಡಾಕ್ಟರಮ್ಮ ತಮ್ಮ ವೃತ್ತಿಜೀವನದಲ್ಲಿ ಮಾಡಿದ ತಪ್ಪು.

೧. ಬೋರ್ಡು

ಮೊದಲು ಕೋಣೆಗೊಂದು ಹೆಸರು ಬೇಕಾಯಿತು. ನಾನು "ಸಂತಾನ ನಿಯಂತ್ರಣ ಕೇಂದ್ರ" ಎಂದೆ. ಅಧ್ಯಕ್ಷರು ಮುಖ ಹಿಂಡಿದರು. "ನಿಯಂತ್ರಣ ಎಂತಕೆ? ಪೊಲೀಸು ಠಾಣೆಯ ಹಾಗೆ ಕೇಳ್ತದೆ."

"ಹಾಗಾದರೆ ಕುಟುಂಬ ಯೋಜನಾ ಕೇಂದ್ರ?"

"ಅದು ಚೀಟಿ ಫಂಡು ಅಂತ ತಿಳಿದು ಗಂಡಸರೇ ಬರ್ತಾರೆ."

ಕೊನೆಗೆ ನನಗೇ ಹೊಳೆಯಿತು: "ಮಿತ ಸಂತಾನ." ಚಿಕ್ಕದು, ಚೊಕ್ಕದು, ಯಾರ ಮರ್ಯಾದೆಗೂ ಧಕ್ಕೆಯಿಲ್ಲ. ಅಧ್ಯಕ್ಷರೂ ತಲೆದೂಗಿದರು. ನನಗೆ ಎಷ್ಟು ಹೆಮ್ಮೆಯಾಯಿತೆಂದರೆ, ಪೇಂಟರಿಗೆ ಕೊಡುವ ಕಾಗದವನ್ನು ನಾನೇ ಶಾಯಿಯಲ್ಲಿ ಮುತ್ತು ಪೋಣಿಸಿದ ಹಾಗೆ ಬರೆದೆ. ಬರೆಯಬೇಕಾದ ಸಾಲು ಎರಡು. ಲಂಡನ್ನಿನಲ್ಲಿ ಕಲಿತ ಶಿಸ್ತು ನೋಡಿ, ಸಾಲುಗಳಿಗೆ ಗುರುತು ಹಾಕಿದೆ:

ಅ) ಮಿತ ಸಂತಾನ ಸಲಹಾ ಕೇಂದ್ರ
ಆ) ಹೆಂಗಸರಿಗೆ ಮಾತ್ರ

ಪೇಂಟರ್ ಅಲ್ಲೇ ಧಾರಾವಿಯವನು. ಕನ್ನಡ ಬಾರದು. ಅಕ್ಷರಗಳನ್ನು ಚಿತ್ರ ಬರೆದ ಹಾಗೆ ನೋಡಿ ಬರೆಯುವವನು, ಒಳ್ಳೆಯ ಕೈ. ಗುರುತಿನ ಪಕ್ಕದ ಆ ಬಾಗಿದ ಗೆರೆಗಳು ಮಾತ್ರ ಅವನಿಗೆ ಚೆನ್ನಾಗಿ ಕಾಣಲಿಲ್ಲವಂತೆ, ಬಿಟ್ಟುಬಿಟ್ಟ. ಅಕ್ಷರಗಳನ್ನು ಒತ್ತೊತ್ತಾಗಿ, ಹಳದಿಯ ಮೇಲೆ ನೀಲಿಯಲ್ಲಿ ಬರೆದು ಬೋರ್ಡನ್ನು ಬಾಗಿಲ ಮೇಲೆ ಜಡಿದು ಹೋದ. ನಾನು ಬೆಳಿಗ್ಗೆ ಓಡುತ್ತ ಬರುವವಳು, ಸಂಜೆ ಓಡುತ್ತ ಹೋಗುವವಳು. ನಾನೇ ಬರೆದುಕೊಟ್ಟದ್ದನ್ನು ನಾನೇ ಯಾಕೆ ಓದಲಿ?

ವಾರವಾದರೂ ಒಬ್ಬಳೂ ಬರಲಿಲ್ಲ. ಎಲ್ಲರೂ ಬಾಗಿಲ ತನಕ ಬರುತ್ತಾರೆ, ಕತ್ತೆತ್ತುತ್ತಾರೆ, ಸೆರಗು ಎಳೆದುಕೊಂಡು ಹೊರಟುಹೋಗುತ್ತಾರೆ. ಕೊನೆಗೆ ಒಬ್ಬ ಗಟ್ಟಿಗಿತ್ತಿ ಒಳಗೆ ಬಂದು ಸೊಂಟದ ಮೇಲೆ ಕೈಯಿಟ್ಟು ಕೇಳಿದಳು: "ಏನ್ರೀ ಬಾಯಿ, 'ಆ ಹೆಂಗಸರಿಗೆ ಮಾತ್ರ' ಅಂತ ಬರ್ದೀರಲ್ಲ, ಯಾವ ಹೆಂಗಸರಿಗ್ರೀ?"

ಹೊರಗೆ ಓಡಿ ನೋಡಿದೆ. ಮೇಲೆ ದೊಡ್ಡ ಅಕ್ಷರದಲ್ಲಿ "ಅಮಿತ ಸಂತಾನ ಸಲಹಾ ಕೇಂದ್ರ". ಕೆಳಗೆ ಅಷ್ಟೇ ದೊಡ್ಡದಾಗಿ "ಆ ಹೆಂಗಸರಿಗೆ ಮಾತ್ರ".

ಪೇಂಟರನ್ನು ಕರೆಸಿ ಕೂಗಾಡಿದೆ. ಅವನು ನನ್ನ ಕಾಗದವನ್ನೇ ಜೇಬಿನಿಂದ ತೆಗೆದು ಮುಂದೆ ಹಿಡಿದ. "ಬಾಯಿ, ಜೈಸಾ ಲಿಖಾ ಥಾ ವೈಸಾ ಹೀ ರಂಗಾಯಾ." ನೀವು ಬರೆದ ಹಾಗೆಯೇ ಬಣ್ಣ ಹಚ್ಚಿದ್ದೇನೆ ಎಂದು.

ಎರಡು ಅಕ್ಷರದ ಮೇಲೂ ಹಳದಿ ಬಳಿಸಿದ್ದಾಯಿತು. ಡಾಕ್ಟರಮ್ಮ ಕನ್ನಡಕ ಒರೆಸಿಕೊಳ್ಳುತ್ತ ಹೇಳಿದ್ದು ಇಷ್ಟೇ: "ಪರವಾಗಿಲ್ಲ ಬಿಡಿ. ಎರಡಕ್ಷರದಲ್ಲಿ ದೇಶದ ನೀತಿಯನ್ನೂ ಹೆಂಗಸರ ಮಾನವನ್ನೂ ಒಟ್ಟಿಗೆ ಕಳೆಯೋದು ಎಲ್ಲರಿಗೂ ಆಗೋ ಕೆಲಸ ಅಲ್ಲ."

೨. ಹೊರಗೆ ಕೂರುವುದು

ಬೋರ್ಡು ಸರಿಹೋದ ಮೇಲೆ ಒಬ್ಬೊಬ್ಬರಾಗಿ ಬರತೊಡಗಿದರು. ಡಾಕ್ಟರಮ್ಮನ ಸಂಶೋಧನೆಗಾಗಿ ಬಂದವರನ್ನೆಲ್ಲ ನಾನು ಪ್ರಶ್ನೆ ಕೇಳಿ ಬರೆದುಕೊಳ್ಳಬೇಕು. ಮೊದಲನೆಯವಳು ಬಿಜಾಪುರದ ಕಡೆಯವಳು. ಗಂಡ ಚರ್ಮದ ಕಾರ್ಖಾನೆಯಲ್ಲಿ. ನಾನು ಪೆನ್ನು ಬಿಚ್ಚುವ ಮೊದಲು ಅವಳೇ ಶುರು ಮಾಡಿದಳು.

"ನಿಮಗೆಷ್ಟು ಮಕ್ಕಳ್ರೀ?"

"ನನಗೆ ಮಕ್ಕಳಿಲ್ಲ."

"ಅಯ್ಯ, ಪಾಪ. ಮತ್ತ ಮಾಲಕರು ಏನ್ ಮಾಡ್ತಾರ್ರೀ?"

"ನನಗೆ ಮದುವೆಯೇ ಆಗಿಲ್ಲ."

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, ಸ್ವಲ್ಪ ಯೋಚಿಸಿ, ನಿಟ್ಟುಸಿರು ಬಿಟ್ಟಳು. "ಛಲೋ ಉಪಾಯ ಬಿಡ್ರಿ. ಆದ್ರ ನಮಗದು ಭಾಳ ತಡಾ ಆತು."

ಇನ್ನು ನನ್ನ ಸರದಿ. ತಿಂಗಳ ಮುಟ್ಟಿನ ವಿಷಯ ಕೇಳಬೇಕು. ನಮ್ಮ ಹಳೆ ಮೈಸೂರಿನ ಕಡೆ ಅದಕ್ಕೆ "ಹೊರಗೆ ಕೂರುವುದು" ಎನ್ನುತ್ತೇವೆ. ಅದೇ ಸಭ್ಯವಾದ ಮಾತು ಎಂದುಕೊಂಡು ಕೇಳಿದೆ: "ಹೊರಗೆ ಕೂರ್ತೀರಲ್ಲ, ಅದು ಸರಿಯಾಗಿ ಆಗ್ತಿದೆಯಾ?"

"ಕೂಡ್ತೀನ್ರೀ. ಯಾಕ ಕೂಡಬಾರದೇನ್ರೀ?"

"ಕೂರಬೇಕು, ಕೂರಬೇಕು. ಎಷ್ಟು ದಿನಕ್ಕೊಮ್ಮೆ?"

"ದಿನಾ ಕೂಡ್ತೀನ್ರೀ."

ನನ್ನ ಪೆನ್ನು ನಿಂತಿತು. "ದಿನಾನಾ? ಯಾವಾಗಿನಿಂದ?"

"ಮುಂಬೈಕ್ಕ ಬಂದಾಗಿಂದ್ರೀ. ಊರಾಗ ಇಷ್ಟು ಇರಲಿಲ್ರೀ."

ನಾನು ಗಾಬರಿಯಿಂದ ಎಲ್ಲವನ್ನೂ ಬರೆದುಕೊಂಡು, ಕೆಳಗೆ ಕೆಂಪು ಗೆರೆ ಎಳೆದು, ಒಳಗೆ ಓಡಿದೆ. ಓದಿದ ಡಾಕ್ಟರಮ್ಮನೂ ಎದ್ದು ನಿಂತರು. ಇಷ್ಟು ರಕ್ತ ಹೋದ ಹೆಂಗಸು ಬದುಕಿರುವುದೇ ದೊಡ್ಡದು. ಅವಳನ್ನು ಮಲಗಿಸಿದರು, ಕಣ್ಣಿನ ರೆಪ್ಪೆ ಎಳೆದು ನೋಡಿದರು, ನಾಲಗೆ ನೋಡಿದರು. ನಮ್ಮಿಬ್ಬರಿಗಿಂತ ಅವಳೇ ಗಟ್ಟಿಮುಟ್ಟಾಗಿದ್ದಳು.

"ನೋಡಮ್ಮಾ, ಹೀಗೆ ದಿನಾ ಹೊರಗೆ ಕೂರೋದು ಒಳ್ಳೇದಲ್ಲ" ಎಂದರು ಡಾಕ್ಟರಮ್ಮ ಮೆತ್ತಗೆ.

"ಒಳಗ ಸೆಕಿ ಭಾಳ್ರೀ ಅಕ್ಕಾರ. ಹೊರಗ ಗ್ಯಾಲರಿಯೊಳಗ ಕುಂತ್ರ ಚೂರು ಗಾಳಿ ಬರತೈತಿ. ನಾ ಒಬ್ಬಾಕೀನ ಏನಲ್ರೀ, ನಮ್ಮ ಮಾವನೂ ಕೂಡ್ತಾನ."

ಡಾಕ್ಟರಮ್ಮ ಅವಳನ್ನು ನೋಡಲಿಲ್ಲ. ನನ್ನನ್ನು ನೋಡಿದರು. ಆಮೇಲೆ ಕಾಗದವನ್ನು ಮಡಿಸಿ ನನ್ನ ಕೈಗಿಟ್ಟು ಹೇಳಿದರು: "ನೀವು ಬರೆದದ್ದು ನಿಜವಾದರೆ, ಈ ಹೆಂಗಸರನ್ನೆಲ್ಲ ಮನೆಗೆ ಕಳಿಸಿ ನಾನು ಇವಳ ಮಾವನ ಮೇಲೆ ಸಂಶೋಧನೆ ಶುರು ಮಾಡಬೇಕು."

೩. ದಾರೂ ಕುಠೇ?

ಆಗ ಮುಂಬಯಿಯಲ್ಲಿ ಪಾನನಿರೋಧ. ಸ್ಟೇಷನ್ನುಗಳಲ್ಲಿ ಪೊಲೀಸರು ಚೀಲ ಬಿಚ್ಚಿಸಿ ನೋಡುತ್ತಿದ್ದರು. ರಬ್ಬರಿನ ಚೀಲಗಳಲ್ಲಿ ಸಾರಾಯಿ ತುಂಬಿ ಸೀರೆಯೊಳಗೆ ಕಟ್ಟಿಕೊಂಡು ಸಾಗಿಸುವ ಹೆಂಗಸರೂ ಇದ್ದರು. ಇದು ನನಗೆ ಗೊತ್ತಿತ್ತು. ಆದರೆ ಕತ್ತರಿಸಿದ ಕೂದಲು, ಕಪ್ಪು ಕನ್ನಡಕ, ಭಾರವಾದ ಚರ್ಮದ ಚೀಲ ಇಟ್ಟುಕೊಂಡು ಒಬ್ಬಳೇ ಓಡಾಡುವ ನಾನೂ ಹಾಗೆಯೇ ಕಾಣುತ್ತೇನೆಂಬುದು ಗೊತ್ತಿರಲಿಲ್ಲ.

ಗೋರೆಗಾಂವ್‌ನ ಒಂದು ಕಾಲೊನಿಯ ಹೆಂಗಸರಿಗೆ ಉಪಾಯಗಳನ್ನು ತೋರಿಸಿ, ನಮ್ಮ ಕೋಣೆಗೆ ಬನ್ನಿ ಎಂದು ಕರೆಯಲು ಹೊರಟಿದ್ದೆ. ಬಾಂದ್ರಾ ಸ್ಟೇಷನ್ನಿನಲ್ಲಿ ಹವಾಲ್ದಾರ ತಡೆದ. ಬೆಂಚಿನ ಮೇಲೆ ಚೀಲ ಬಿಚ್ಚಿಸಿದ. ಮೊದಲು ಕೈಗೆ ಸಿಕ್ಕಿದ್ದು ಗರ್ಭಧಾರಣೆ ತಡೆಯಲು ಹೆಂಗಸರು ಒಳಗೆ ಧರಿಸುವ ರಬ್ಬರಿನ ಬಿಲ್ಲೆ. ಅದನ್ನು ಎರಡು ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿದ. "ಹೇ ಕಾಯ್?"

ಸುತ್ತ ಜನ ಕೂಡಿದರು. ಐದು ದೇಶ ತಿರುಗಿದವಳು, ಆರು ಭಾಷೆ ಬಲ್ಲವಳು ಎಂದು ಹೇಳಿಕೊಳ್ಳುತ್ತಿದ್ದೆ ನಾನು. ನನ್ನ ಮರಾಠಿ ತರಕಾರಿ ಮಾರ್ಕೆಟ್ಟಿನದು. ಬದನೆಕಾಯಿ ಹುಳುಕಾಗಿದೆ ಎಂದು ಹೇಳಬಲ್ಲೆ. ಇದನ್ನು ಹೇಗೆ ಹೇಳಲಿ? ತಡವರಿಸಿ "ಮುಲಾಂಸಾಠೀ" ಅಂದುಬಿಟ್ಟೆ. ಮಕ್ಕಳಿಗಾಗಿ ಎಂದಂತಾಯಿತು. ಹವಾಲ್ದಾರ ಅದನ್ನು ನೆಲದ ಮೇಲೆ ಒಮ್ಮೆ ಪುಟಿಸಿ ನೋಡಿದ. ಪುಟಿಯಲಿಲ್ಲ. ಅವನ ಅನುಮಾನ ಹೆಚ್ಚಾಯಿತು.

ಆಮೇಲೆ ಮಾತ್ರೆಯ ಶೀಸೆ ಸಿಕ್ಕಿತು. ಇವೂ ಅದೇ ಕೆಲಸಕ್ಕೆ, ತೇವ ತಾಗಿದರೆ ನೊರೆ ಬರುವಂಥವು. ಚಹಾದವನ ಹತ್ತಿರ ಒಂದು ಗ್ಲಾಸು ನೀರು ತರಿಸಿ ಹವಾಲ್ದಾರ ಒಂದು ಮಾತ್ರೆ ಹಾಕಿದ. ಬುಸಬುಸ ನೊರೆ ಎದ್ದು ಗ್ಲಾಸಿನಿಂದ ಹೊರಗೆ ಚೆಲ್ಲಿತು. ಅವನ ಮುಖ ಅರಳಿತು. "ಸೋಡಾ ಆಹೇ! ದಾರೂ ಕುಠೇ?"

ಸೋಡಾ ಸಿಕ್ಕಿತು, ಸಾರಾಯಿ ಎಲ್ಲಿ ಎಂದು ಪ್ಲಾಟ್‌ಫಾರ್ಮಿನ ಅರ್ಧ ಜನ ನನ್ನ ಸೀರೆಯ ನೆರಿಗೆಯನ್ನೇ ನೋಡತೊಡಗಿದರು. ನಾನು ಸ್ಟೇಷನ್ ಮಾಸ್ತರರ ಕಡೆ ಓಡಿ ಇಂಗ್ಲಿಷಿನಲ್ಲಿ ವಿಷಯ ಹೇಳಿದೆ. ಅವರು ಕಿವಿಯವರೆಗೂ ಕೆಂಪಾದರು. ಬಂದು ಹವಾಲ್ದಾರನ ಕಿವಿಯಲ್ಲಿ ಉಸುರಿದರು. ಅವನು ಬಿಲ್ಲೆಯನ್ನು ಕೆಂಡ ಹಿಡಿದವನಂತೆ ಚೀಲಕ್ಕೆ ಎಸೆದು, ಕೈಯನ್ನು ಚಡ್ಡಿಗೆ ಒರೆಸಿಕೊಂಡು, ಜನರನ್ನೆಲ್ಲ ಲಾಠಿ ಬೀಸಿ ಚದುರಿಸಿದ.

ನಾನು ಚೀಲ ಕಟ್ಟಿಕೊಂಡು ಮುಂದಿನ ಲೋಕಲ್ ಹತ್ತಬೇಕು, ಅಷ್ಟರಲ್ಲಿ ಮತ್ತೆ ಹತ್ತಿರ ಬಂದ. ಅತ್ತ ಇತ್ತ ನೋಡಿ, ದನಿ ತಗ್ಗಿಸಿ, ಮನೆಯಲ್ಲಿ ಆರು ಇವೆ ಎಂದು ಬೆರಳಲ್ಲೇ ತೋರಿಸಿದ. "ಬಾಯಿ, ದಾರೂ ರಾಹೂ ದ್ಯಾ. ಥೋಡಾ ಸೋಡಾ ದ್ಯಾ."

ಸಾರಾಯಿ ಇರಲಿ ಬಿಡಿ, ಸ್ವಲ್ಪ ಸೋಡಾ ಕೊಡಿ! ಮರುವಾರ ಅವನ ಹೆಂಡತಿ ನಮ್ಮ ಕೋಣೆಗೆ ಬಂದಳು. ಗೋರೆಗಾಂವ್‌ನಿಂದ ಮಾತ್ರ ಒಬ್ಬಳೂ ಬರಲಿಲ್ಲ. ಅಲ್ಲಿಗೆ ನನಗಿಂತ ಮೊದಲು, ಸಾರಾಯಿ ಮಾರುವ ಬಾಯಿಯೊಬ್ಬಳು ಸಿಕ್ಕಿಬಿದ್ದ ಸುದ್ದಿ ತಲುಪಿತ್ತು.

೪. ಅಂತರ

ಅರ್ಧ ವರ್ಷ ಕಳೆದರೂ ಕೋಣೆ ತುಂಬಲಿಲ್ಲ. ಅಧ್ಯಕ್ಷರು ಆಗಾಗ ಬಂದು ಗೋಡೆಯಿಂದ ಗೋಡೆಗೆ ಹೆಜ್ಜೆ ಹಾಕಿ ಅಳೆಯತೊಡಗಿದರು. "ದೊಡ್ಡ ಕೊಪ್ಪರಿಗೆ ಈ ಮೂಲೆಗೆ ಸರಿ ಹೋಗ್ತದೆ" ಎಂದು ತಮ್ಮಷ್ಟಕ್ಕೇ ಹೇಳಿಕೊಳ್ಳುವರು. ಡಾಕ್ಟರಮ್ಮನಿಗೆ ಕೇಳಿಸುತ್ತಿತ್ತು, ಕೇಳಿಸದವರಂತೆ ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟು ಕೂತಿರುತ್ತಿದ್ದರು.

ಗಂಡಸರು ಒಪ್ಪದೆ ಹೆಂಗಸರು ಬರುವುದಿಲ್ಲ, ಗಂಡಸರಿಗೇ ಹೇಳೋಣ ಎಂದು ನನಗೆ ತೋಚಿತು. ಅಧ್ಯಕ್ಷರ ಹೋಟೆಲಿನಲ್ಲೇ ಮಧ್ಯಾಹ್ನದ ಊಟದ ಗದ್ದಲ ಮುಗಿದ ಮೇಲೆ ಕೆಲಸದವರನ್ನೆಲ್ಲ ಬೆಂಚಿನ ಮೇಲೆ ಕೂರಿಸಿದರು. ಅಧ್ಯಕ್ಷರು ಗಲ್ಲಾದಲ್ಲಿ ಕೂತು ಕಿವಿಗೊಟ್ಟರು. ನಾನು ಒಂದು ಗಂಟೆ ಮಾತಾಡಿದೆ. ಮಗುವಿಗೂ ಮಗುವಿಗೂ ನಡುವೆ ಅಂತರ ಇರಬೇಕು. ಅಂತರವೇ ಆರೋಗ್ಯ, ಅಂತರವೇ ಸುಖ. ನನ್ನ ದನಿಗೆ ನಾನೇ ಮರುಳಾಗಿದ್ದೆ.

ಕೊನೆಗೆ ಪ್ರಶ್ನೆ ಇದೆಯೇ ಎಂದಾಗ ದೋಸೆಯ ಭಟ್ಟರು ಎದ್ದರು.

"ಅಮ್ಮಾ, ನಮ್ಮ ಹೆಂಡತಿ ಮಕ್ಕಳೆಲ್ಲ ಊರಿನಲ್ಲಿ. ನಾವು ಇಲ್ಲಿ ಹಿಟ್ಟಿನ ಗೋಣಿಯ ಮೇಲೆ ಮಲಗುವವರು. ವರ್ಷಕ್ಕೊಮ್ಮೆ ಹದಿನೈದು ದಿವಸ ರಜೆ. ನಮ್ಮ ಕುಟುಂಬ ಯೋಜನೆ ಧಣಿಗಳೇ ಮಾಡಿ ಆಗಿದೆ."

ಎಲ್ಲರೂ ನಕ್ಕರು. ಗಲ್ಲಾದಲ್ಲಿದ್ದ ಅಧ್ಯಕ್ಷರು ಮಾತ್ರ ನಗದೆ ಯೋಚನೆಗೆ ಬಿದ್ದರು. ಮರುವಾರ ಹೋಟೆಲಿಗೆ ಹೋದರೆ ನನ್ನ ಕಾಫಿ ಕಲಗಚ್ಚಿನಂತಿತ್ತು. ಅದರ ಮರುದಿನ ಇನ್ನೂ ತೆಳ್ಳಗಾಯಿತು. ವಿಚಾರಿಸಿದರೆ, ವರ್ಷಕ್ಕೊಮ್ಮೆ ಇದ್ದ ರಜೆಯನ್ನು ಧಣಿಗಳು ಎರಡು ವರ್ಷಕ್ಕೊಮ್ಮೆ ಮಾಡಿದ್ದಾರೆ. ಕಾರಣ: ಡಾಕ್ಟರಮ್ಮನ ಕಡೆಯಿಂದ ಬಂದ ದೊಡ್ಡ ಬಾಯಿಯ ಸಲಹೆ.

ನಾನು ಗಲ್ಲಾದ ಮುಂದೆ ನಿಂತು ಕೈ ಮುಗಿದೆ. "ಧಣೀ, ನಾನು ಹೇಳಿದ್ದು ಮಕ್ಕಳ ನಡುವೆ ಅಂತರ. ಗಂಡ ಹೆಂಡಿರ ನಡುವೆ ಅಲ್ಲ!"

ಅಧ್ಯಕ್ಷರು ಪ್ರಾಮಾಣಿಕವಾಗಿಯೇ ಗೊಂದಲಗೊಂಡು ನನ್ನನ್ನು ನೋಡಿದರು. "ಅಲ್ಲ ಮಾರಾಯ್ರೆ, ಇದಿಲ್ಲದೆ ಅದು ಆಗುವುದು ಹೇಗೆ?"

ಅದನ್ನು ಹೇಳಿಕೊಡಲಿಕ್ಕೇ ನಾವು ಕೋಣೆ ತೆರೆದದ್ದು ಎಂದೆ. ಭಟ್ಟರು ಪಕ್ಕದ ಹೋಟೆಲಿಗೆ ಹೋಗುತ್ತೇನೆಂದು ಹೆದರಿಸಿದ ಮೇಲೆ ರಜೆ ಮೊದಲಿನಂತಾಯಿತು. ನನ್ನ ಕಾಫಿ ಸುಧಾರಿಸಲು ಮತ್ತೂ ಕೆಲವು ತಿಂಗಳು ಹಿಡಿಯಿತು.

೫. ಮಣಿಮಾಲೆ

ಆ ಕಾಲದಲ್ಲಿ ಇನ್ನೊಂದು ಉಪಾಯ ಚಾಲ್ತಿಯಲ್ಲಿತ್ತು, ಬಣ್ಣದ ಮಣಿಗಳ ಮಾಲೆ. ಒಂದು ಮುಟ್ಟಿನಿಂದ ಇನ್ನೊಂದಕ್ಕೆ ಇರುವ ದಿನಗಳ ಲೆಕ್ಕಕ್ಕೆ ಇಪ್ಪತ್ತೆಂಟು ಮಣಿ. ದಿನಕ್ಕೊಂದರಂತೆ ಸರಿಸುತ್ತ ಹೋಗಬೇಕು. ಹಸಿರು ಮಣಿ ಬಂದರೆ ಭಯವಿಲ್ಲ, ಕೆಂಪು ಬಂದರೆ ಗಂಡನಿಂದ ದೂರ ಮಲಗಬೇಕು. ಡಾಕ್ಟರಮ್ಮನಿಗೆ ಅದರ ಮೇಲೆ ಅಷ್ಟೇನೂ ನಂಬಿಕೆ ಇರಲಿಲ್ಲ, ಪರೀಕ್ಷಿಸಿ ನೋಡಬೇಕೆಂದಿದ್ದರು. ನಾನೋ ಅದನ್ನು ಕಂಡದ್ದೇ ಕುಣಿದೆ. "ಲೋಕಲ್ ಗಾಡಿಯ ಸಿಗ್ನಲ್ ಇದ್ದ ಹಾಗೆ! ಮುಂಬಯಿಯವರಿಗೆ ಇದಕ್ಕಿಂತ ಸುಲಭ ಯಾವುದು?"

ಧಾರವಾಡದ ಕಡೆಯ ಒಬ್ಬ ಸೊಸೆಗೆ ಕೊಟ್ಟೆ. ಎರಡು ಹೆಣ್ಣು ಮಕ್ಕಳಾಗಿದ್ದವು, ಸ್ವಲ್ಪ ದಿನ ಉಸಿರಾಡಿಕೊಳ್ಳಬೇಕೆಂದು ಬಂದಿದ್ದಳು. ಮಾಲೆಯನ್ನು ಮಕ್ಕಳ ಕೈಗೆ ಸಿಗದಂತೆ ಇಡು ಎಂದೆ. ಅವಳ ಒಂದೇ ಕೋಣೆಯ ಮನೆಯಲ್ಲಿ ಮಕ್ಕಳ ಕೈಗೆ ಸಿಗದ ಮೊಳೆ ಇದ್ದದ್ದು ದೇವರ ಪಟದ ಪಕ್ಕ. ಅಲ್ಲಿ ತೂಗುಹಾಕಿದಳು.

ಕೆಲವು ವಾರವಾದ ಮೇಲೆ ಅವಳ ಅತ್ತೆ ನಮ್ಮ ಕೋಣೆಗೆ ಬಂದರು. ಹಣೆಯ ತುಂಬ ಕುಂಕುಮ, ಕೈಯಲ್ಲಿ ನಮ್ಮ ಮಾಲೆ. ಆದರೆ ಅದು ನಮ್ಮ ಮಾಲೆಯಂತಿರಲಿಲ್ಲ, ಮಾರುದ್ದ ಬೆಳೆದಿತ್ತು.

"ಏನವ್ವಾ, ದೇವರ ಕೆಲಸದಾಗ ಹಿಂಗ ಮೋಸ ಮಾಡಬಾರದು" ಎಂದರು. "ಜಪದ ಮಾಲಿ ಅಂದ್ರ ನೂರಾ ಎಂಟು ಮಣಿ ಇರಬೇಕು. ಇಪ್ಪತ್ತೆಂಟು ಕೊಟ್ಟು ಕೈ ತೊಳಕೊಂಡೀರಿ. ಉಳಿದದ್ದು ನಾನ ನನ್ನ ತುಳಸಿ ಮಾಲಿ ಬಿಚ್ಚಿ ಪೋಣಿಸೀನಿ."

"ನೀವು ಇದರಲ್ಲಿ ಜಪ ಮಾಡ್ತೀರಾ?"

"ದಿನಾ ಮುಂಜಾನೆ ಮಾಡ್ತೀನಿ. ಮುಗಿದ ಮ್ಯಾಲ ಹಸಿರು ಮಣಿ ಮುಂದ ಬರೂ ಹಂಗ ಇಡ್ತೀನಿ. ಹಸಿರು ಛಲೋ, ಲಕ್ಷ್ಮಿ ಇದ್ದಂಗ."

ಹಾಗಾಗಿ ಸೊಸೆಗೆ ತಿಂಗಳು ಪೂರ್ತಿ ಹಸಿರು ಸಿಗ್ನಲ್.

"ಖರೆ ಹೇಳ್ತೀನವ್ವಾ, ಮಾಲಿ ಭಾಳ ಶಕ್ತಿ ಐತಿ" ಎಂದು ಅತ್ತೆ ನನ್ನ ಗದ್ದ ಹಿಡಿದರು. "ನಾ ಮೊಮ್ಮಗ ಬೇಕಂತ ಜಪಾ ಮಾಡಿದೆ. ಸೊಸಿ ಈಗ ಬಸುರಿ!"

ಆ ಸುದ್ದಿ ಚಾಳಿಂದ ಚಾಳಿಗೆ ಹಬ್ಬಲು ಒಂದು ವಾರ ಸಾಕಾಯಿತು. ಮುಂದಿನ ಮಂಗಳವಾರ ನಾನು ಬರುವ ಹೊತ್ತಿಗೆ ಬಾಗಿಲಿಂದ ರಸ್ತೆಯ ತಿರುವಿನ ತನಕ ಹೆಂಗಸರ ಸಾಲು. ನನ್ನ ಕಣ್ಣಲ್ಲಿ ನೀರೇ ಬಂತು. ಆಮೇಲೆ ವಿಚಾರಿಸಿದೆ. ಎಲ್ಲರೂ ಮಕ್ಕಳಿಲ್ಲದವರು, ಮಾಲೆ ಕೇಳಲು ಬಂದವರು.

ಎಲ್ಲರಿಗೂ ಕೈ ಮುಗಿದು ವಾಪಸು ಕಳಿಸುತ್ತೇನೆಂದು ಹೊರಟೆ. ಡಾಕ್ಟರಮ್ಮ ನನ್ನ ತೋಳು ಹಿಡಿದರು. "ಯಾಕೆ ಕಳಿಸ್ತೀರಿ? ಬೇಡ ಅನ್ನೋರ ಕಷ್ಟವೇ ಕಷ್ಟ, ಬೇಕು ಅನ್ನೋರದ್ದು ಕಷ್ಟ ಅಲ್ಲವಾ? ಇದೂ ನಮ್ಮದೇ ಕೆಲಸ. ಕರೀರಿ ಒಳಗೆ." ಅವತ್ತು ಅವರು ಊಟಕ್ಕೂ ಏಳಲಿಲ್ಲ. ಬಂದವರು ಮುಂದೆ ತಮ್ಮ ಅಕ್ಕತಂಗಿಯರನ್ನೂ ಓರಗಿತ್ತಿಯರನ್ನೂ ಕರೆತಂದರು. ಬೇಕು ಅನ್ನುವವರೂ ಬೇಡ ಅನ್ನುವವರೂ ಒಂದೇ ಬೆಂಚಿನಲ್ಲಿ ಕೂರತೊಡಗಿದರು. ಧಾರವಾಡದ ಸೊಸೆಯೂ ಬಂದಳು. "ಮಾಲಿ ಅತ್ತಿಯವರಿಗೇ ಇರ್ಲಿ ಬಿಡ್ರಿ. ಈ ಬಾಣಂತನ ಮುಗಿದ ಮ್ಯಾಲ ನನಗ ದೇವರಿಗೆ ಕಾಣದಂಥಾದ್ದು ಏನಾರ ಕೊಡ್ರಿ" ಎಂದಳು.

ಆ ಹೊತ್ತಿಗೆ ಮಳೆಗಾಲ ಬಂದು ಪೇಂಟರ್ ಬಳಿದಿದ್ದ ಹಳದಿ ತೊಳೆದುಹೋಗಿ ಬೋರ್ಡಿನಲ್ಲಿ ಮತ್ತೆ "ಅಮಿತ ಸಂತಾನ" ಎದ್ದಿತ್ತು. ಡಾಕ್ಟರಮ್ಮ ಸಾಲನ್ನೂ ಬೋರ್ಡನ್ನೂ ನೋಡಿ ಹೇಳಿದರು: "ಆ ಪೇಂಟರ್‌ಗೆ ನಮ್ಮಿಬ್ಬರಿಗಿಂತ ದೂರದೃಷ್ಟಿ ಇತ್ತು."

೬. ಸನ್ಮಾನ

ಇಷ್ಟಾದರೂ ಸಂಘದ ಸಮಿತಿಗೆ ಪಾತ್ರೆಗಳದೇ ಚಿಂತೆ. ಅವರಿಗೆ ಕೋಣೆ ಬೇಕು, ಆದರೆ ಡಾಕ್ಟರಮ್ಮನಿಗೆ ನೇರವಾಗಿ ಹೋಗಿ ಎನ್ನಲು ಬಾಯಿ ಬಾರದು. ನಮ್ಮವರಲ್ಲಿ ಯಾರನ್ನಾದರೂ ಹೊರಗೆ ಕಳಿಸಬೇಕಾದರೆ ಮೊದಲು ಶಾಲು ಹೊದಿಸುತ್ತಾರೆ. ವಾರ್ಷಿಕೋತ್ಸವದಲ್ಲಿ ಡಾಕ್ಟರಮ್ಮನಿಗೆ ಸನ್ಮಾನ, ಆಮೇಲೆ ಕೋಣೆಯ ಬಗ್ಗೆ ಅಧ್ಯಕ್ಷರಿಂದ ಘೋಷಣೆ ಎಂದು ಹೇಳಿ ಕಳಿಸಿದಾಗಲೇ ನಮಗೆ ಅರ್ಥವಾಯಿತು.

"ಹೋಗಿ ಶಾಲು ತೊಗೊಂಡು ಬರೋಣ" ಎಂದರು ಡಾಕ್ಟರಮ್ಮ. "ಆದರೆ ಮಂಗಳವಾರ ಬರೋ ಹೆಂಗಸರಿಗೆ ಎಲ್ಲಿಗೆ ಬನ್ನಿ ಅಂತ ಹೇಳೋದು?" ಅವರ ದನಿ ಸಣ್ಣಗಾದದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಸಮಿತಿಯವರ ಮನಸ್ಸು ಗೆಲ್ಲಬೇಕೆಂದು ನಾನು ಕಾರ್ಯಕ್ರಮಕ್ಕೆ ಟೊಂಕ ಕಟ್ಟಿದೆ. ಶಾಲಿನ ಜೊತೆಗೆ ಸಂಪ್ರದಾಯದಂತೆ ಮಡಿಲು ತುಂಬುವುದೂ ಇರಲಿ, ವೇದಮಂತ್ರವೂ ಇರಲಿ ಎಂದು ಪುರೋಹಿತ ಭಟ್ಟರೊಬ್ಬರನ್ನು ನಾನೇ ಗೊತ್ತುಮಾಡಿದೆ. ಡಾಕ್ಟರಮ್ಮ ಗಿಡ್ಡ, ಕುರ್ಚಿಯಲ್ಲಿ ಕೂತರೂ ಅವರ ಮಾತು ಕೇಳಲಿ ಎಂದು ಮೈಕನ್ನು ನಾನೇ ಅವರ ಗದ್ದದ ಹತ್ತಿರಕ್ಕೆ ತಗ್ಗಿಸಿಟ್ಟೆ.

ಅಧ್ಯಕ್ಷರ ಭಾಷಣವೇ ಒಂದು ಸರ್ಕಸ್ಸು. "ಡಾಕ್ಟರಮ್ಮ ಈ ಒಂದು... ಆ ವಿಷಯದಲ್ಲಿ... ಅಂದರೆ ಸಂಸಾರದಲ್ಲಿ ಏನೆಲ್ಲ ಆಗ್ತದೆಯೋ, ಅದು ಆಗದ ಹಾಗೆ... ಒಟ್ಟಾರೆ, ಆಗಬಾರದ್ದು ಆಗದ ಹಾಗೆ ನೋಡಿಕೊಂಡವರು" ಎಂದು ಮುಗಿಸಿ ಬೆವರು ಒರೆಸಿಕೊಂಡರು.

ಮಡಿಲು ತುಂಬಲು ಅಧ್ಯಕ್ಷರ ಹೆಂಡತಿ ಬಂದರು. ಏಳು ಮಕ್ಕಳ ತಾಯಿ. ಗಂಡ ಸಾಮಾನು ಖರೀದಿಗೆ ಹೋದ ದಿನ ನೋಡಿಕೊಂಡು ಅವರು ನಮ್ಮ ಕೋಣೆಯ ಹಿಂದಿನ ಬಾಗಿಲಿಂದ ಬಂದು ಹೋಗುತ್ತಿದ್ದರು. ಈ ಗುಟ್ಟು ಡಾಕ್ಟರಮ್ಮನಿಗೂ ನನಗೂ ಬಿಟ್ಟರೆ ಮೂರನೆಯವರಿಗೆ ಗೊತ್ತಿರಲಿಲ್ಲ. ಅವರು ಬಗ್ಗಿ ಡಾಕ್ಟರಮ್ಮನ ಸೆರಗಿಗೆ ಅಕ್ಕಿ, ತೆಂಗಿನಕಾಯಿ ಹಾಕುತ್ತಿದ್ದಂತೆ ಭಟ್ಟರು ಅಕ್ಷತೆ ಎತ್ತಿ, ಇಬ್ಬರು ಸುಮಂಗಲಿಯರಿಗೂ ಸೇರಿಸಿ ಗಂಟಲು ತೆರೆದರು: "ಅಷ್ಟಪುತ್ರಾ ಸೌಭಾ..."

ನಾನು ಕಣ್ಣು ಮುಚ್ಚಿದೆ. ಕುಟುಂಬ ಯೋಜನೆಯವರ ಸನ್ಮಾನದಲ್ಲಿ ಎಂಟು ಮಕ್ಕಳಾಗಲಿ ಎಂಬ ಆಶೀರ್ವಾದ! ಅದಕ್ಕೆ ಭಟ್ಟರನ್ನು ಕರೆಸಿದವಳೂ ನಾನೇ.

"ಎಂತ ಭಟ್ರೇ, ಎಂಟಾ?" ಎಂದು ದೊಡ್ಡ ದನಿಯೊಂದು ಸಭೆಯ ನಾಲ್ಕೂ ಮೂಲೆಯಿಂದ ಬಂತು. "ಬೇಡ ಮಾರಾಯ್ರೆ, ಬೇಡ! ಡಾಕ್ಟರಮ್ಮ ಮದ್ದು ಕೊಟ್ಟು ಈಗಷ್ಟೇ ಏಳಕ್ಕೆ ನಿಲ್ಲಿಸಿದ್ದಾರೆ!"

ಅಧ್ಯಕ್ಷರ ಹೆಂಡತಿ ಪಿಸುಗುಟ್ಟಿದ್ದೇ. ಆದರೆ ಬಗ್ಗಿದ ಅವರ ಬಾಯಿ ನನ್ನ ಮೈಕಿನ ಮೇಲೆಯೇ ಇತ್ತು.

ಅಧ್ಯಕ್ಷರು ಕುರ್ಚಿಯಿಂದ ಎದ್ದು ಹತ್ತಿರ ಬಂದರು. "ನೀನೂ ಅಲ್ಲಿಗೆ ಹೋಗ್ತೀಯಾ?" ಇದನ್ನೂ ಮೈಕು ಎಲ್ಲರಿಗೂ ಹಂಚಿತು.

"ಹೋಗದೆ? ಈ ವರ್ಷ ತೊಟ್ಟಿಲು ಕಟ್ಟದೆ ಇದ್ದದ್ದು ಎಂತದರಿಂದ ಅಂತ ಎಣಿಸಿದಿರಿ?"

"ಅಯ್ಯೋ! ದೇವರ ದಯೆ ಅಂತ ಎಣಿಸಿ ನಾನು ಊರಿನ ದೇವಸ್ಥಾನಕ್ಕೆ ಬೆಳ್ಳಿಯ ದೀಪ ಕೊಟ್ಟಾಯ್ತಲ್ಲ!"

ಸಭೆ ಹೋ ಎಂದಿತು. ಭಟ್ಟರು ಮಾತ್ರ ಅಕ್ಷತೆಯ ಮುಷ್ಟಿಯನ್ನು ಗಾಳಿಯಲ್ಲೇ ಹಿಡಿದುಕೊಂಡು ನಿಂತಿದ್ದರು. "ಅಮ್ಮಾ, ಆಶೀರ್ವಾದ ಅರ್ಧಕ್ಕೆ ನಿಲ್ಲಿಸಲಿಕ್ಕೆ ಆಗುವುದಿಲ್ಲ. ಅಷ್ಟ ಬೇಡ ಅಂದ್ರೆ ಎಷ್ಟು ಅಂತಾದರೂ ಹೇಳಿ."

"ಇದ್ದಷ್ಟು!"

ಭಟ್ಟರು ಒಂದು ಕ್ಷಣ ಕಣ್ಣು ಮುಚ್ಚಿದರು. ಆಮೇಲೆ ರಾಗ ಎಲ್ಲೂ ಮುರಿಯದಂತೆ ಹಾಡಿದರು: "ಇದ್ದಷ್ಟಪುತ್ರಾ ಸೌಭಾಗ್ಯವತೀ ಭವ!"

ಹೆಂಗಸರ ಕಡೆಯಿಂದ ಶುರುವಾದ ಚಪ್ಪಾಳೆ ಗಂಡಸರ ಕಡೆಗೂ ಹರಡಿತು. ಡಾಕ್ಟರಮ್ಮ ಎಷ್ಟು ನಕ್ಕರೆಂದರೆ ಮಡಿಲಿನ ಅಕ್ಕಿಯೆಲ್ಲ ವೇದಿಕೆಯ ಮೇಲೆ ಚೆಲ್ಲಿತು.

ಇನ್ನು ಘೋಷಣೆ ಬಾಕಿ. ಅಧ್ಯಕ್ಷರು ಗಂಟಲು ಸರಿಮಾಡಿಕೊಂಡು, "ಕೋಣೆಯ ವಿಷಯ..." ಎಂದರು. ಹೆಂಡತಿ ಖಾಲಿ ಹರಿವಾಣ ಹಿಡಿದುಕೊಂಡು ಪಕ್ಕದಲ್ಲೇ ನಿಂತಿದ್ದರು, ಕದಲಲಿಲ್ಲ. ಅಧ್ಯಕ್ಷರು ಅವರನ್ನೊಮ್ಮೆ ನೋಡಿದರು, ಹೆಂಗಸರ ಕಡೆ ಒಮ್ಮೆ ನೋಡಿದರು. "ಕೋಣೆ ಡಾಕ್ಟರಮ್ಮನಿಗೇ ಇರಲಿ" ಎಂದರು.

ಸಮಿತಿಯವರೊಬ್ಬರು ವೇದಿಕೆಯ ಅಂಚಿನಿಂದ ಕತ್ತು ಚಾಚಿದರು. "ಅಲ್ಲ ಧಣೀ, ಮತ್ತೆ ಆ ಪಾತ್ರೆಗಳನ್ನೆಲ್ಲ ಎಲ್ಲಿ ಇಡುವುದು?"

ಈ ಸಲ ಅಧ್ಯಕ್ಷರ ಹೆಂಡತಿ ಬೇಕೆಂದೇ ಮೈಕಿನ ಹತ್ತಿರ ಬಗ್ಗಿದರು.

"ನಮ್ಮ ಮನೆಗೆ ಕಳಿಸಿ. ತೊಟ್ಟಿಲು ಇಡುತ್ತಿದ್ದ ಜಾಗ ಖಾಲಿ ಉಂಟು."